ಬೆಟ್ಟಸ್ವಾಮಿ ಡ್ರೈವರ್ ತಂದದ್ದು

ಒಂದೂರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಬಸ್ ಸ್ಟ್ಯಾಂಡಿನ ಹಿಂದಿನ ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು, ಬಂದವರಿಗೆ ಅರ್ಜಿ ಹಾಕಿಕೊಟ್ಟು ಬದುಕುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ಬೆಟ್ಟಸ್ವಾಮಿ. ನೋಡೋಕೆ ಆರಡಿ ಆಳು. ಹೇಳಿದ ಮಾತು ಮೀರುವವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಗೋಳು!

ಒಂದು ಬೆಳಿಗ್ಗೆ ನೋಡ್ತಾಳೆ, ಇಂಟರ್ನೆಟ್ಟಿನ ವೈರನ್ನು ಇಲಿ ಕಡಿದು ಹಾಕಿದೆ. ರಿಪೇರಿ ಅಂಗಡಿಯ ಜಬೀವುಲ್ಲಾ ಸಾಬರು ಬಂದು ಹೆಬ್ಬೆರಳಿನಷ್ಟುದ್ದದ ಕಡ್ಡಿಯೊಂದನ್ನು ಕಂಪ್ಯೂಟರಿಗೆ ಚುಚ್ಚಿದರು. "ಇನ್ಮೇಲೆ ವೈರ್ ಬೇಡಮ್ಮ, ನೆಟ್ಟು ಗಾಳಿಯಲ್ಲೇ ಬರುತ್ತೆ. ಆದರೆ ಈ ಕಡ್ಡಿಗೆ ಡ್ರೈವರ್ ಬೇಕು. ಹುಡುಕಿಡ್ತೀನಿ, ಮಗನ್ನ ಕಳಿಸು" ಅಂದು ಹೋದರು.

ಅರ್ಜಿ ಹಾಕಿಸೋಕೆ ಬಂದು ಬೆಂಚಿನ ಮೇಲೆ ಕೂತಿದ್ದ ಹುಡುಗಿ ರುಕ್ಮಿಣಿಗೆ ಅಳು ಬಂತು. "ಅಕ್ಕಾ, ನರ್ಸಿಂಗ್ ಸೀಟಿನ ಅರ್ಜಿಗೆ ಇವತ್ತೇ ಕೊನೇ ದಿನ!"

"ಓಡೋ ಬೆಟ್ಟ! ಬೇಗ ಹೋಗಿ ಡ್ರೈವರ್ ತಗೊಂಡು ಬಾ!"

ಬೆಟ್ಟಸ್ವಾಮಿಗೆ ತಲೆ ಬುಡ ತಿಳೀಲಿಲ್ಲ. ಇಷ್ಟೇ ಇಷ್ಟು ಕಡ್ಡಿ, ಇದನ್ನು ಓಡಿಸಿಕೊಂಡು ಯಾವೂರಿಗೆ ಹೋಗೋದು? ಇರಲಿ, ಅವ್ವ ಹೇಳಿದಾಳೆ. ಬಸ್ ಸ್ಟ್ಯಾಂಡಿಗೆ ಓಡಿದ. ಇಡ್ಲಿ ತಿನ್ನುತ್ತಿದ್ದ ಡ್ರೈವರ್ ಕರಿಗೌಡರ ಕೈ ಹಿಡಿದು ಎಳೆದ. ಗೌಡರು ಚಟ್ನಿ ಕೈಯಲ್ಲೇ ಬಂದರು.

"ಎಲ್ಲಿದೆಯಮ್ಮಾ ಗಾಡಿ?"

"ಇದೇ ಗೌಡ್ರೇ! ಹತ್ತಿ!" ಅಂತ ಬೆಟ್ಟಸ್ವಾಮಿ ಕಡ್ಡಿ ತೋರಿಸಿದ.

ಗೌಡರು ಬೈದುಕೊಂಡು ಹೋದರು. ಚಿಕ್ಕತಾಯಮ್ಮ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ಪೆದ್ದೇ! ಇದು ಮನುಷ್ಯ ಅಲ್ವೋ, ಕಂಪ್ಯೂಟರಿಗೆ ಹಾಕೋ ಪ್ರೋಗ್ರಾಮು! ಸಾಬರ ಅಂಗಡಿಗೆ ಹೋಗು. ಅವರೇನು ಕೊಡ್ತಾರೋ ಸುಮ್ಮನೆ ಜೇಬಿಗೆ ಹಾಕ್ಕೊಂಡು ಬಾ!"

"ಆಗಲವ್ವಾ, ಜೇಬಿಗೆ."

ಹೋದ. ಸಾಬರು ಡ್ರೈವರ್ ತುಂಬಿದ ಪೆನ್ ಡ್ರೈವ್ ಕೊಟ್ಟರು. ಜೇಬಿಗೆ ಹಾಕಿಕೊಂಡ. ಸಾಬರು ಒಳ್ಳೆಯವರು, "ಬಿಸಿಲಲ್ಲಿ ಬಂದಿದೀಯ ಮಗಾ, ತಗೋ" ಅಂತ ಒಂದು ಲೋಟ ಟೀನೂ ಕೊಟ್ಟರು. ಅದನ್ನೂ ಜೇಬಿಗೆ ಹಾಕಿಕೊಂಡ! ಸುಡು ಸುಡು ಟೀ ಎದೆ ಮೇಲೆ ಇಳಿಯಿತು. ಕುಣಿಯುತ್ತಾ ಮನೆಗೆ ಬಂದ. ಪೆನ್ ಡ್ರೈವಿನ ಬಾಯಿಂದ ಟೀ ತೊಟ್ಟಿಕ್ಕಿತು.

"ಅಯ್ಯಯ್ಯೋ! ಟೀ ಕೊಟ್ಟರೆ ಜೇಬಿಗೆ ಸುರ್ಕೋತಾರೇನೋ? ಬಾಯಿಗೆ ಹಾಕ್ಕೋಬೇಕು, ಬಾಯಿಗೆ! ಹೋಗು, ಇನ್ನೊಂದು ಕೊಡಿ ಅಂತ ಕೇಳು!"

"ಆಗಲವ್ವಾ, ಬಾಯಿಗೆ."

ಸಾಬರು ಇನ್ನೊಂದು ಪೆನ್ ಡ್ರೈವಿಗೆ ತುಂಬಿಕೊಟ್ಟು ಬುದ್ಧಿ ಹೇಳಿದರು. "ನೋಡು ಮಗಾ, ಇದು ಕಂಪನಿಯವರು ಮುಚ್ಚಿ ಕೊಟ್ಟಿರೋ ಡ್ರೈವರು. ಹೇಗೆ ಬರೆದಿದಾರೆ ಅಂತ ಯಾರಿಗೂ ತೋರಿಸಲ್ಲ. ಇಣುಕಿದ್ರೆ ಸೊನ್ನೆ, ಒಂದು, ಸೊನ್ನೆ, ಒಂದು, ಅಷ್ಟೇ ಕಾಣೋದು. ತಿದ್ದೋಕೂ ಆಗಲ್ಲ. ಅದು ಏನು ಕೇಳಿದ್ರೂ ಹೂಂ ಅನ್ನಬೇಕು, ಅಷ್ಟೇ."

ಬೆಟ್ಟಸ್ವಾಮಿ ಪೆನ್ ಡ್ರೈವನ್ನು ಗಬಕ್ಕನೆ ಬಾಯಿಗೆ ಹಾಕಿಕೊಂಡ.

ಮನೆಗೆ ಬಂದ. ಒಂದು ಕೆನ್ನೆ ಊದಿದೆ. "ಎಲ್ಲೋ ಅದು?" "ಮ್ಮ್." "ಸಾಬರು ಏನಂದ್ರೋ?" "ಮ್ಮ್ ಮ್ಮ್!" "ಉಗುಳೋ, ಉಗುಳೋ!" ಪುಣ್ಯಕ್ಕೆ ಮುಚ್ಚಳ ಭದ್ರವಾಗಿತ್ತು. ಸೆರಗಲ್ಲಿ ಒರೆಸಿ ಕಂಪ್ಯೂಟರಿಗೆ ಚುಚ್ಚಿದಳು. ಸಾಬರ ಮಾತನ್ನು ಅವನು ಒಪ್ಪಿಸಿದ.

"ಒಳಗೇನಿದೆ ಅಂತ ತಿಳೀದೆ ಹೂಂ ಅನ್ನೋದಾ?" ಅಂತ ಚಿಕ್ಕತಾಯಮ್ಮನಿಗೂ ಗಲಿಬಿಲಿ. ಆದರೆ ಹೊತ್ತು ಇಳೀತಾ ಇದೆ. ರುಕ್ಮಿಣಿ ಫೋಟೋ ತರೋಕೆ ಓಡಿದಳು. ಒಲೆ ಮೇಲೆ ಸಾರು ಉಕ್ಕಿತು. "ನೋಡ್ಕೊಳ್ಳೋ, ಅದು ಕೇಳಿದಾಗೆಲ್ಲ ಹೂಂ ಅನ್ನು!" ಅಂತ ಚಿಕ್ಕತಾಯಮ್ಮ ಒಳಗೋಡಿದಳು.

ಪರದೆ ಮೇಲೆ, ಮುಂದುವರಿಯಲೇ ಅಂತ ಕೇಳುವ ಒಂದು ಚೌಕ ಬಂತು. "ಹೂಂ" ಅಂದ ಬೆಟ್ಟಸ್ವಾಮಿ. ಅದು ಅಲುಗಾಡಲಿಲ್ಲ. "ಹೂಂ ಅಂದೆನಲ್ಲಪ್ಪಾ!" ಅಲುಗಾಡಲಿಲ್ಲ. ಕಿವುಡೋ ಏನೋ ಅಂತ ಹತ್ತಿರ ಹೋಗಿ, "ಹೂಂ! ಹೂಂ! ಹೂಂ!" ಬೀದಿಯ ನಾಯಿಗಳೆಲ್ಲ ಬೊಗಳಿದವು.

ಚಿಕ್ಕತಾಯಮ್ಮ ಸೌಟು ಹಿಡಿದೇ ಬಂದಳು. "ಬಾಯಲ್ಲಿ ಅಲ್ವೋ! ಬಾಯಿ ಮುಚ್ಚಿ ಕೈಯಲ್ಲಿ ಮಾಡಬೇಕು, ಕೈಯಲ್ಲಿ!" ಅಂತ ತಾನೇ ಮೌಸ್ ಒತ್ತಿದಳು. ಮತ್ತೊಂದು ಚೌಕ, ಮತ್ತೊಂದು ಒತ್ತು. ಕಡ್ಡಿಯ ತುದಿಯಲ್ಲಿ ಹಸಿರು ದೀಪ ಮಿಣಕ್ ಅಂತು. ನೆಟ್ಟು ಬಂತು! ಫೋಟೋ ಹಿಡಿದು ಬಂದ ರುಕ್ಮಿಣಿಯ ಅರ್ಜಿ ಹೋಯಿತು. ಹುಡುಗಿ ಚಿಕ್ಕತಾಯಮ್ಮನನ್ನು ತಬ್ಬಿಕೊಂಡು ಅತ್ತು, ನಕ್ಕು, ಓಡಿದಳು.

ಚಿಕ್ಕತಾಯಮ್ಮ ಉಸ್ಸಪ್ಪಾ ಅಂತ ಗೋಡೆಗೊರಗಿದಳು. ಅಷ್ಟರಲ್ಲಿ ಪಕ್ಕದಂಗಡಿಯ ಟೈಲರ್ ಪರಮೇಶಣ್ಣ ಕೂಗಿದ. "ಬೆಟ್ಟ, ನಿಮ್ಮನೇಲಿ ನೆಟ್ಟು ಬಂತಂತಲ್ಲೋ! ನನ್ನ ಮೊಬೈಲಿಗೂ ಒಂಚೂರು ಕೊಡಪ್ಪಾ!"

"ಕೊಟ್ಟು ಬಾ ಹೋಗೋ" ಅಂದಳು ಅವ್ವ, ಕಣ್ಣು ಮುಚ್ಚಿಕೊಂಡೇ.

ಬೆಟ್ಟಸ್ವಾಮಿ ಯೋಚಿಸಿದ. ನೆಟ್ಟು ಬರೋದು ಗಾಳಿಯಲ್ಲಿ. ಬಾಯಲ್ಲಿ ಹೇಳಿದರೆ ಆಗಲ್ಲ, ಕೈಯಲ್ಲಿ ಮಾಡಬೇಕು.

ಸ್ವಲ್ಪ ಹೊತ್ತಿಗೆ ಪರಮೇಶಣ್ಣ ಬಾಯಿ ಬಡಿದುಕೊಳ್ಳೋದು ಕೇಳಿಸಿತು. ಚಿಕ್ಕತಾಯಮ್ಮ ಎದ್ದುಬಿದ್ದು ಓಡಿದಳು. ನೋಡಿದರೆ, ಬೆಟ್ಟಸ್ವಾಮಿ ಸೈಕಲ್ ಪಂಪಿನ ಮೂತಿಯನ್ನು ಮೊಬೈಲಿನ ಚಾರ್ಜರ್ ತೂತಿಗೆ ಇಟ್ಟು, ಬೆವರು ಸುರಿಸಿಕೊಂಡು ಗಾಳಿ ಹೊಡೀತಿದಾನೆ!

"ಏನೋ ಇದು, ಮುಂಡೇದೇ!"

ಬೆಟ್ಟಸ್ವಾಮಿ ಮೊಬೈಲನ್ನು ಹೆಬ್ಬೆರಳಲ್ಲಿ ಅಮುಕಿ ನೋಡಿ, ತಲೆ ಆಡಿಸಿದ.

"ತಡಿಯವ್ವಾ, ಇನ್ನೂ ಗಟ್ಟಿಯಾಗಿಲ್ಲ!"