ಕೆಳಗಿನ ಗಾಜು

"ಗುರುಗಳೇ, ಒಮ್ಮೆ ಬಂದು ಮುಖ ತೋರಿಸಿ ಹೋಗು ಅಂತ ಅವ್ವ ಮೂರನೆಯ ಸಲ ಹೇಳಿಕಳಿಸಿದ್ದಾಳೆ. ಪಾಠ ಮುಗಿಯುವುದಕ್ಕೆ ಇನ್ನು ಎರಡೇ ತಿಂಗಳು. ಮುಗಿಸಿಕೊಂಡೇ ಹೋದರೆ ತಪ್ಪಾದೀತೇ?" ಎಂದು ಶಿಷ್ಯ ಕೇಳಿದ.

"ತಪ್ಪು ಒಪ್ಪು ಹೇಳುವಷ್ಟು ದೊಡ್ಡವನಲ್ಲ ನಾನು. ಒಂದು ಕತೆ ಗೊತ್ತಿದೆ, ಕೇಳು," ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಗಾಜು ಉಜ್ಜುವವನಿದ್ದ. ದೂರದರ್ಶಕಕ್ಕೆ ಕನ್ನಡಿ ಮಾಡುವುದು ಅವನ ಕಸುಬು. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ. ಆ ಕನ್ನಡಿ ಒಂದು ಗಾಜಿನಿಂದ ಆಗುವುದಿಲ್ಲ, ಗೇಣಗಲದ ಎರಡು ಗಾಜು ಬೇಕು. ಒಂದನ್ನು ಕೆಳಗಿಟ್ಟು, ಒರಟು ಪುಡಿ ಮತ್ತು ನೀರು ಹಾಕಿ, ಇನ್ನೊಂದನ್ನು ಅದರ ಮೇಲಿಟ್ಟು ತಿಂಗಳುಗಟ್ಟಲೆ ಉಜ್ಜಬೇಕು. ಉಜ್ಜುತ್ತ ಉಜ್ಜುತ್ತ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಅಷ್ಟೇ ಉಬ್ಬುತ್ತದೆ. ಮೇಲಿನದಕ್ಕೆ ಬೆಳ್ಳಿ ಬಳಿದರೆ ಕನ್ನಡಿ. ಕೆಳಗಿನದನ್ನು ಆಮೇಲೆ ಯಾರೂ ಕೇಳುವುದಿಲ್ಲ.

ತಮ್ಮ ಮೇಲಿನದನ್ನು ಉಜ್ಜಿದ. ಕೆಳಗಿನದು ಜಾರದಂತೆ ಅಕ್ಕ ಎರಡೂ ಕೈಯಲ್ಲಿ ಹಿಡಿದು ಕೂತಳು. ಹನ್ನೊಂದು ತಿಂಗಳು ಕೂತಳು. ಬೆರಳ ತುದಿಗಳು ಸವೆದುಹೋದವು. ಅವಳು ಕೇಳಿದ್ದು ಒಂದೇ.

"ಊರನ್ನೆಲ್ಲ ಕಾಡುವ ಶನಿ ಬಳೆ ತೊಟ್ಟುಕೊಂಡು ಕೂತಿದ್ದಾನಂತಲ್ಲೋ. ನನಗೂ ಒಂದು ಸಲ ತೋರಿಸು ತಮ್ಮಾ."

"ಬೆಟ್ಟದ ಮೇಲೆ ದೂರದರ್ಶಕ ಸಿದ್ಧವಾಗಲಿ ಅಕ್ಕ, ಗಾಡಿ ಕಳಿಸುತ್ತೇನೆ," ಎಂದ ತಮ್ಮ.

ಕನ್ನಡಿ ಬೆಟ್ಟ ಹತ್ತಿತು. ಅವನೂ ಹತ್ತಿದ. ಯಾರೂ ಕಾಣದ ನಕ್ಷತ್ರಗಳು ಅವನಿಗೆ ಕಂಡವು. ಹೆಸರು ಬಂತು. ದೂರದ ಪಂಡಿತರೆಲ್ಲ ಬಂದು ಕಣ್ಣಿಟ್ಟು ನೋಡಿ ತಲೆದೂಗಿ ಹೋದರು. ಅಕ್ಕ ಹೇಳಿಕಳಿಸಿದಾಗ, ಮಳೆಗಾಲ ಮುಗಿಯಲಿ ಎಂದ. ಮಳೆಗಾಲ ಮುಗಿದಾಗ ಧೂಮಕೇತು ಬಂದಿತ್ತು. ಅದು ಹೋಗಲಿ ಎಂದ. ಅವನೇನೂ ಸುಳ್ಳು ಹೇಳಲಿಲ್ಲ, ಕೆಲಸ ನಿಜವಾಗಿಯೂ ಇತ್ತು. ಕೆಲಸಕ್ಕೇನು, ಯಾವಾಗಲೂ ಇರುತ್ತದೆ.

ಆರನೆಯ ವರ್ಷ ಕನ್ನಡಿಗೆ ಗೀರು ಬಿತ್ತು. ಮತ್ತೆ ಉಜ್ಜಬೇಕಾಯಿತು. ಬೇರೆ ಯಾವ ಗಾಜೂ ಅದರ ತಗ್ಗಿಗೆ ಕೂರಲಿಲ್ಲ. ಅದರ ಜೊತೆಯಲ್ಲಿ ಸವೆದದ್ದೇ ಬೇಕಿತ್ತು. ಆಗ ಅವನು ಬೆಟ್ಟ ಇಳಿದು ಮನೆಗೆ ಬಂದ.

ಬಾಗಿಲಲ್ಲಿ ಗಾಡಿ ಕಂಡದ್ದೇ ತಡ, ಅಕ್ಕ ಒಳಗೆ ಓಡಿದಳು. ಸೀರೆ ಬದಲಿಸಿ, ತಲೆ ಬಾಚಿಕೊಂಡು, ಬುತ್ತಿ ಕಟ್ಟಿಕೊಂಡು ಹೊರಗೆ ಬಂದಳು.

ತಮ್ಮ, "ಆ ಕೆಳಗಿನ ಗಾಜು ಎಲ್ಲಿದೆ ಅಕ್ಕ?" ಎಂದ.

ಅವಳು ಬುತ್ತಿ ಕೆಳಗಿಟ್ಟಳು. ಒಳಗೆ ಹೋಗಿ, ಮೊಸರಿನ ಗಡಿಗೆಗೆ ಮುಚ್ಚಿದ್ದ ಗಾಜನ್ನು ತೊಳೆದು, ಸೆರಗಿನಿಂದ ಒರೆಸಿ ತಂದುಕೊಟ್ಟಳು. ಬುತ್ತಿಯನ್ನೂ ಅವನ ಕೈಗೇ ಕೊಟ್ಟಳು. ಅವನು ಅವಸರದಲ್ಲಿದ್ದ, ಅವಳ ಸೀರೆಯನ್ನು ನೋಡಲಿಲ್ಲ.

ದಾರಿಯಲ್ಲಿ ಹಸಿವಾಗಿ ಬುತ್ತಿ ಬಿಚ್ಚಿದ. ಇಬ್ಬರಿಗಾಗುವಷ್ಟು ರೊಟ್ಟಿ ಇತ್ತು. ಆಗ ಅವನಿಗೆ ತಿಳಿಯಿತು. ಹಿಂದಿರುಗಿದರೆ ಅರ್ಧ ದಿನ ಹೋಗುತ್ತಿತ್ತು, ಅಷ್ಟೇ. ಕನ್ನಡಿ ಮುಗಿಯಲಿ, ಅಂದೇ ಗಾಡಿ ಕಳಿಸೋಣ ಎಂದುಕೊಂಡು ಬೆಟ್ಟದ ಕಡೆಗೇ ಹೋದ.

ಮೂರು ತಿಂಗಳಿಗೆ ಕನ್ನಡಿ ಮುಗಿಯಿತು. ಮೊದಲಿಗಿಂತ ಚೆನ್ನಾಗಿ ಮುಗಿಯಿತು. ಮಾತಿನಂತೆ ಅಂದೇ ಗಾಡಿ ಕಳಿಸಿದ. ಗಾಡಿಯವನು ಒಬ್ಬನೇ ಮರಳಿ ಬಂದ. ಅಕ್ಕ ತೀರಿಕೊಂಡು ಎರಡು ದಿನವಾಗಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಆಮೇಲೆ ಆ ತಮ್ಮ ಶನಿಯನ್ನು ನೋಡಿದನೇ?"

"ಇಲ್ಲಪ್ಪಾ, ದಿನಾ ಬೆಳಿಗ್ಗೆ ನೀನು ಮೊಸರಿನ ಗಡಿಗೆಯ ಮೇಲಿಂದ ಎತ್ತಿಡುತ್ತೀಯಲ್ಲ, ಆ ಗಾಜು ನಮ್ಮ ಅಕ್ಕನದು."