ಒಂದೇ ಬಟನ್ನಿನ ಒಪ್ಪಿಗೆ

"ಗುರುಗಳೇ, ಕೇಳಿದರೆ ಜನ ಬೇಡ ಅನ್ನುತ್ತಾರೆ. ಕೇಳದಿದ್ದರೆ ಅವರಿಗೆ ಗೊತ್ತೇ ಆಗುವುದಿಲ್ಲ. ಹಾಗಿದ್ದ ಮೇಲೆ ಕೇಳುವುದೇಕೆ?"

ಮಠದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಮರುಳಸಿದ್ಧ ಓಡೋಡಿ ಬಂದು ಹೀಗೆ ಕೇಳಿದ. ಯಾರು ಬಂದರು, ಯಾವ ಪುಟ ಓದಿದರು, ಎಷ್ಟು ಹೊತ್ತು ನಿಂತರು ಎಂದು ತೋರಿಸುವ ಸಾಧನವೊಂದು ಅವನಿಗೆ ಆಗಷ್ಟೇ ಸಿಕ್ಕಿತ್ತು. ಅದು ಬಂದವರ ಬ್ರೌಸರಿನಲ್ಲಿ ಕುಕಿ ಎಂಬ ಪುಟ್ಟ ಗುರುತನ್ನು ಇಡುತ್ತದೆ. ಅವರು ಮತ್ತೆ ಬಂದಾಗ ಆ ಗುರುತು ನೋಡಿ ಹಿಂದೆ ಬಂದವರೇ ಎಂದು ತಿಳಿಯುತ್ತದೆ. ಇದಕ್ಕೆ ಅವರ ಒಪ್ಪಿಗೆ ಕೇಳಬೇಕೇ ಎಂಬುದು ಅವನ ಪ್ರಶ್ನೆ.

ಗುರುಗಳು ಅವನನ್ನು ಕೂರಿಸಿ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಕಿವಿ ಮಂದವಾದವರಿಗೆ ಶ್ರವಣಯಂತ್ರ ಮಾರುತ್ತಿದ್ದ. ಅಂಗಡಿಗೆ ಬರಲು ಜನ ನಾಚುತ್ತಾರೆಂದು ವೆಬ್‌ಸೈಟ್ ಮಾಡಿಸಿ, ಇಂಥದೇ ಸಾಧನವನ್ನು ಅದಕ್ಕೆ ಜೋಡಿಸಿದ. ವಾರ ಕಳೆಯುವಷ್ಟರಲ್ಲಿ ಅವನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಹೆಂಡತಿಯನ್ನು ಕೂಗಿದ.

"ನೋಡೇ ಇಲ್ಲಿ! ಯಾರೋ ಒಬ್ಬರು ಆರು ದಿನದಿಂದ ಬಂದು ಒಂದೇ ಯಂತ್ರ ನೋಡಿ ಹೋಗುತ್ತಿದ್ದಾರೆ. ಕೊಂಡೇ ಕೊಳ್ಳುತ್ತಾರೆ!"

ಆ ಗಿರಾಕಿಯ ಹೆಸರು ಅವನಿಗೆ ತಿಳಿಯದು. ತಿಳಿಯಬೇಕಾಗಿಯೂ ಇರಲಿಲ್ಲ. ಬ್ರೌಸರಿನ ಗುರುತು ಸಾಕಾಗಿತ್ತು. ಆ ಗುರುತು ಇದ್ದ ಬ್ರೌಸರಿನಲ್ಲಿ ಯಾವ ಪುಟ ತೆರೆದರೂ ತನ್ನ ಜಾಹೀರಾತು ಕಾಣುವಂತೆ ಏರ್ಪಾಟು ಮಾಡಿದ. ಗಿರಾಕಿ ಪತ್ರಿಕೆ ತೆರೆದರೆ ಶ್ರವಣಯಂತ್ರ, ರೈಲಿನ ವೇಳೆ ನೋಡಿದರೂ ಶ್ರವಣಯಂತ್ರ. ಇವತ್ತು ಬರುತ್ತದೆ ಆರ್ಡರ್, ನಾಳೆ ಬರುತ್ತದೆ ಎಂದು ವ್ಯಾಪಾರಿ ತುದಿಗಾಲಲ್ಲಿ ನಿಂತ.

ಹತ್ತನೆಯ ದಿನ ಗಿರಾಕಿಯೇ ಬಂದರು. ಅವರು ಊರಿನ ಸಂಗೀತದ ಮೇಷ್ಟ್ರು. ಹಿಂದಿನ ದಿನ ಅವರು ಪಾಠಕ್ಕೆಂದು ಕಂಪ್ಯೂಟರಿನಲ್ಲಿ ಒಂದು ಸಂಗೀತ ಕಛೇರಿಯ ವಿಡಿಯೋ ಹಾಕಿದ್ದರು. ಮಕ್ಕಳೂ ಅವರ ತಂದೆತಾಯಂದಿರೂ ಎದುರಿಗೆ ಕೂತಿದ್ದರು. ಹಾಡುವವರ ಪಕ್ಕದಲ್ಲೇ ಜಾಹೀರಾತು ಎದ್ದಿತು: 'ಕಿವಿ ಕೇಳಿಸುತ್ತಿಲ್ಲವೇ? ನೀವು ನೋಡಿ ಬಿಟ್ಟ ಯಂತ್ರ ಇಲ್ಲಿದೆ.' ಬೆಳಗಾದ ಮೇಲೆ ಮೂವರು ಮಕ್ಕಳು ಪಾಠಕ್ಕೆ ಬರಲಿಲ್ಲ.

"ಮನೆಯಲ್ಲೂ ಹೇಳಿರಲಿಲ್ಲ. ನಾನೇ ಹೇಳಬೇಕು ಅಂತಿದ್ದೆ," ಎಂದರು ಮೇಷ್ಟ್ರು.

ವ್ಯಾಪಾರಿ ತಡವರಿಸಿದ. "ಕುಕಿಗೆ ತಾವು ಸರಿ ಅಂತ ಒತ್ತಿದ್ದಿರಲ್ಲ, ಸ್ವಾಮಿ?"

ಮೇಷ್ಟ್ರಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೂಗಿ ಹೇಳಬೇಕಾಯಿತು. ಕೂಗಿದಾಗ ಆ ಮಾತು ವ್ಯಾಪಾರಿಯ ಕಿವಿಗೇ ಕೆಟ್ಟದಾಗಿ ಬಿತ್ತು.

"ಇದ್ದದ್ದೇ ಆ ಒಂದು ಬಟನ್. ಅದನ್ನು ಒತ್ತದೆ ಪುಟ ತೆರೆಯುತ್ತಿರಲಿಲ್ಲ. ಒಳಗೆ ಬಿಡಿ ಅಂತ ಒತ್ತಿದೆ. ನನ್ನ ಹಿಂದೆಯೇ ಬನ್ನಿ ಅಂದಿದ್ದೆನೇ?"

ಅವರು ಎದ್ದು ಹೋದರು. ಯಂತ್ರವನ್ನು ಬೇರೆ ಊರಿನಲ್ಲಿ ಕೊಂಡರು. ಅದನ್ನು ಎಲ್ಲರಿಗೂ ಕಾಣುವಂತೆ ಕಿವಿಗೆ ಹಾಕಿಕೊಂಡು ಪಾಠಕ್ಕೆ ಕೂತರು. ಇಬ್ಬರು ಮಕ್ಕಳು ಮರಳಿದರು. ಒಬ್ಬಳು ಮರಳಲಿಲ್ಲ.

ವ್ಯಾಪಾರಿ ಅಂದೇ ಜಾಹೀರಾತು ನಿಲ್ಲಿಸಿದ. 'ಸರಿ' ಬಟನ್ನಿನ ಪಕ್ಕ ಅಷ್ಟೇ ದೊಡ್ಡದಾಗಿ 'ಬೇಡ' ಎಂಬ ಬಟನ್ ಹಾಕಿಸಿದ. ಬೇಡ ಎಂದರೂ ಪುಟ ತೆರೆಯುವಂತೆ, ಸರಿ ಎನ್ನುವ ತನಕ ಕುಕಿ ಇಡದಂತೆ ಮಾಡಿಸಿದ. ಮರುದಿನ ಅಂಕಿಗಳು ಕುಸಿದವು. ಹತ್ತರಲ್ಲಿ ಏಳು ಮಂದಿ ಬೇಡ ಎಂದಿದ್ದರು. ಅವನು ಗಳಿಗೆಗೊಮ್ಮೆ ಅಂಕಿಗಳನ್ನು ತೆರೆದು ನೋಡಿದ. ಊಟ ಸೇರಲಿಲ್ಲ.

ನಾಲ್ಕು ದಿನ ಹಾಗೇ ಹೋಯಿತು. ಐದನೆಯ ದಿನ ಫೋನ್ ಬಂತು. "ನಿಮ್ಮ ಸೈಟಿನಲ್ಲಿ ಬೇಡ ಅಂತ ಒತ್ತಿದ್ದೆ. ಆಮೇಲೆ ಎಲ್ಲೂ ನೀವು ಬೆನ್ನು ಹತ್ತಲಿಲ್ಲ," ಎಂದಳು ಒಬ್ಬ ಹೆಂಗಸು. "ನಮ್ಮ ಅಮ್ಮನನ್ನು ಕರೆದುಕೊಂಡು ಬರಲೇ?"

"ಬನ್ನಿ ತಾಯಿ, ಈಗಲೇ ಬನ್ನಿ!" ಎಂದು ವ್ಯಾಪಾರಿ ಎದ್ದು ನಿಂತ. ಆ ಹೆಂಗಸಿನ ಸುಳಿವೂ ಅವನ ಸಾಧನಕ್ಕೆ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ತಡೆಯಲಾಗಲಿಲ್ಲ. "ಆದರೂ ಗುರುಗಳೇ, ಮೊದಲು ಸರಿ ಎಂದವರು ಮೇಷ್ಟ್ರೇ ಅಲ್ಲವೇ?"

ಗುರುಗಳು ಹೇಳಿದರು: "ಬೇಡ ಎನ್ನಲು ಜಾಗ ಕೊಡದೆ ಕೇಳಿದರೆ, ಸರಿ ಎಂದವನು ಕೇಳಿದವನೇ, ಒತ್ತಿದವನಲ್ಲ."

ಮರುಳಸಿದ್ಧ ಎದ್ದು, ಮಠದ ಪುಟಕ್ಕೆ ಎರಡು ಬಟನ್ ಹಾಕಲು ಹೋದ.