ಎರಡು ನಿಮಿಷದ ಅರ್ಜಿ

ಆ ಕಾಡಿನಲ್ಲಿ ಪೊಟರೆ ಬೇಕಾದವರು ಟಚ್ ಸ್ಕ್ರೀನಿನ ಮೇಲೆ ಅರ್ಜಿ ತುಂಬಬೇಕಿತ್ತು. ಅಳಿಲು ರೂಪಿಸಿದ ಆ ಅರ್ಜಿ ಎರಡು ನಿಮಿಷಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮರ ಉರುಳಿ ಮನೆ ಕಳೆದುಕೊಂಡಿದ್ದ ಕಾಡುಪಾಪ ಬಹಳ ನಿಧಾನದ ಪ್ರಾಣಿ. ಒಂಬತ್ತು ಸಲ ಪ್ರಯತ್ನಿಸಿದಾಗಲೂ ಅದು ಹೆಸರು ಬರೆದು ಮುಗಿಸುವ ಮೊದಲೇ ಅರ್ಜಿ ಮುಚ್ಚಿತು. ಕೊನೆಗೆ ಮರಿಯನ್ನು ಅವಚಿಕೊಂಡು ಅಳಿಲಿನ ಬಳಿಗೇ ಹೋಯಿತು.

“ನಿಮ್ಮ ಅರ್ಜಿ ನನಗಾಗಿ ಕಾಯುವುದಿಲ್ಲ, ಅಳಿಲು ರಾಯರೇ.”

“ಎರಡು ನಿಮಿಷ ಯಾರಿಗಾದರೂ ಸಾಕಮ್ಮ. ಇದುವರೆಗೆ ಒಬ್ಬರೂ ದೂರು ಕೊಟ್ಟಿಲ್ಲ” ಎಂದಿತು ಅಳಿಲು.

“ದೂರಿನ ಅರ್ಜಿಯೂ ಎರಡೇ ನಿಮಿಷಕ್ಕೆ ಮುಚ್ಚುತ್ತದೆ.”

ಅಳಿಲು ಎರಡೂ ಅರ್ಜಿಗಳ ಗಡುವು ತೆಗೆದುಹಾಕಿತು. ಸಂಜೆಗೆ ಕಾಡುಪಾಪಕ್ಕೆ ಪೊಟರೆ ಸಿಕ್ಕಿತು. ವಾರದೊಳಗೆ ಅಳಿಲಿಗೆ ನಾನೂರು ದೂರುಗಳು ಬಂದವು.